ತಲೆಯೊಳಗಿನ ಸಾಹುಕಾರ

ಈಗ ಎಲ್ಲಿ ಹೋದರೂ ಒಂದೇ ಉಪದೇಶ: ಕೆಟ್ಟ ಯೋಚನೆ ಬಿಡಿ, ಮನಸ್ಸು ಹಗುರ ಮಾಡಿಕೊಳ್ಳಿ. ಪ್ರವಚನದ ಪೆಂಡಾಲಿನಲ್ಲಿ ಸ್ವಾಮಿಗಳು ಇದನ್ನೇ ಹೇಳುತ್ತಾರೆ. ಕಾಲೇಜಿಗೆ ಬರುವ ವ್ಯಕ್ತಿತ್ವ ವಿಕಸನದ ಭಾಷಣಕಾರ ಟೈ ಕಟ್ಟಿಕೊಂಡು ಇದನ್ನೇ ಹೇಳುತ್ತಾನೆ. ಮೊಬೈಲ್ ತೆರೆದರೆ ಅಲ್ಲೂ ಇದೇ. ಹುಮನಾಬಾದಿನ ಹೆದ್ದಾರಿಯಲ್ಲಿ ಪುಣೆ, ಹೈದರಾಬಾದಿನ ಲಾರಿಗಳು ಹಗಲು ರಾತ್ರಿ ಓಡುವ ಹಾಗೆ ತಲೆಯೊಳಗೆ ಯೋಚನೆಗಳು ಓಡುತ್ತಿರುತ್ತವೆ, ನೀವು ದಂಡೆಗೆ ನಿಂತು ಸುಮ್ಮನೆ ನೋಡಿ, ಹತ್ತಬೇಡಿ ಎಂದು ಒಬ್ಬರು ಹೇಳಿದ್ದನ್ನು ನಾವೂ ಕೇಳಿದ್ದೇವೆ. ಉಪಮೆ ಚೆನ್ನಾಗಿದೆ. ಆದರೆ ಆ ಲಾರಿಗಳಿಗೆ ಹಮಾಲಿ ಮಾಡುವವರು ನಮ್ಮ ಕೇರಿಯವರು. ಒಳಗೆ ಏನಿದೆ, ಯಾರ ಮಾಲು, ಎಲ್ಲಿ ತುಂಬಿದ್ದು ಎಂದು ಕೇಳದೆ ಮೂಟೆ ಹೊತ್ತವನ ಬೆನ್ನು ಹೋಗುತ್ತದೆ. ದಂಡೆಗೆ ನಿಂತು ನೋಡಿದರಷ್ಟೇ ಆಗುವುದಿಲ್ಲ, ಬಿಲ್ಟಿ ಕೇಳಬೇಕು.

ತಪ್ಪು ತಿಳಿಯಬೇಡಿ. ಯೋಚನೆಯಿಂದ ದೂರ ನಿಲ್ಲುವ ವಿದ್ಯೆಯನ್ನು ನಾವು ಹಳಿಯುವುದಿಲ್ಲ. ಅದು ನಮಗೆ ಬೇಕಾದಷ್ಟು ಈ ದೇಶದಲ್ಲಿ ಇನ್ನಾರಿಗೂ ಬೇಕಾಗಿಲ್ಲ. ನಮ್ಮ ತಕರಾರು ಬೇರೆ. ಬಿಡಬೇಕಾದ ಯೋಚನೆಗಳ ಪಟ್ಟಿ ಮಾಡುವವರು ಯಾರು? ಅವರ ಪಟ್ಟಿಯಲ್ಲಿ ಮೊದಲನೆಯದು ಸಿಟ್ಟು. ಎರಡನೆಯದು ಅತೃಪ್ತಿ. ಮೂರನೆಯದು ಹಳೆಯದನ್ನು ನೆನೆಯುವುದು. ಈ ಮೂರನ್ನೂ ಬಿಟ್ಟ ದಲಿತ ಹೇಗಿರುತ್ತಾನೆ? ಊರ ಗೌಡರಿಗೆ ಹೇಗೆ ಬೇಕೋ ಹಾಗಿರುತ್ತಾನೆ. ಆ ಪಟ್ಟಿಯಲ್ಲಿ ಇಲ್ಲದ ಒಂದು ಯೋಚನೆ ಮಾತ್ರ ನಮ್ಮ ಕೇರಿಯ ಮನೆ ಮನೆಯಲ್ಲಿ ಕೂತಿದೆ. ಅದನ್ನು ಬಿಡಿ ಎಂದು ಯಾವ ಸ್ವಾಮಿಯೂ ಹೇಳಿದ್ದನ್ನು ನಾವು ಕೇಳಿಲ್ಲ.

ನಾವು ಸಾಲಗಾರರು. ಇದೇ ಆ ಯೋಚನೆ.

ರೊಕ್ಕದ ಸಾಲದ ಮಾತಲ್ಲ. ಅದೂ ಉಂಟು, ಆಮೇಲೆ ಬರುತ್ತೇವೆ. ಇದು ಹುಟ್ಟಿನ ಸಾಲ. ಕೇರಿಯ ಮುತ್ಯಾನನ್ನು ಕರೆದು ಕುರ್ಚಿಯ ಮೇಲೆ ಕೂಡಿಸಿ ನೋಡಿ. ತುದಿಗೆ ಕೂಡುತ್ತಾನೆ. ಯಾರೋ ಈಗ ಬಂದು "ಏಳು" ಅಂತಾರ ಅನ್ನುವ ಹಾಗೆ ಕೂಡುತ್ತಾನೆ. ತನ್ನ ಹೆಸರಿಗೆ ಮಂಜೂರಾದ ಪಿಂಚಣಿ ಕೇಳಲು ಆಫೀಸಿಗೆ ಹೋದ ಅವ್ವ "ನಿಮಗ ಪುಣ್ಯಾ ಬರ್ತದ ಸಾಹೇಬ್ರ" ಎಂದು ಕೈ ಮುಗಿಯುತ್ತಾಳೆ. ಅವಳ ರೊಕ್ಕ ಅವಳಿಗೆ ಕೊಟ್ಟರೆ ಪುಣ್ಯ ಯಾತರದು? ರೇಷನ್ ತೂಕದಲ್ಲಿ ಎರಡು ಕಿಲೋ ಹೊಡೆದರೆ "ಹೋಗ್ಲಿ ಬಿಡ್ರಿ, ಇಷ್ಟರೆ ಕೊಟ್ಟಾನಲ್ಲ" ಎನ್ನುತ್ತೇವೆ. ಡಿಗ್ರಿಗೆ ಹೋದ ಹುಡುಗನ ಪಾಡು ಇನ್ನೂ ಕೆಟ್ಟದ್ದು. ಸೀಟು ಸಿಕ್ಕ ದಿನವೇ ಯಾರೋ ಅವನ ಕಿವಿಯಲ್ಲಿ ಊದಿರುತ್ತಾರೆ: ಇದು ಇನ್ನೊಬ್ಬನ ಸೀಟು, ನಿನಗೆ ಬಿಟ್ಟುಕೊಟ್ಟದ್ದು. ಅಂದಿನಿಂದ ಅವನದು ಕೊನೆಯ ಬೆಂಚು. ಪ್ರಶ್ನೆ ಕೇಳುವುದಿಲ್ಲ, ಉತ್ತರ ಗೊತ್ತಿದ್ದರೂ ಕೈ ಎತ್ತುವುದಿಲ್ಲ. ತಲೆಮಾರುಗಟ್ಟಲೆ ಹೊಲ, ಅಕ್ಷರ, ನೀರು ಎಲ್ಲ ಕಸಿದುಕೊಂಡಿದ್ದು ಮರೆತುಹೋಗಿ, ಈಗ ಮರಳಿ ಸಿಕ್ಕ ಒಂದು ಹಿಡಿಗೆ ಅವನು ದಿನಾ ಬಡ್ಡಿ ಕಟ್ಟುತ್ತಿದ್ದಾನೆ.

ಪಂಡಿತರು ಇದನ್ನು ಕೀಳರಿಮೆ ಎನ್ನುತ್ತಾರೆ. ಆ ಮಾತು ನಮಗೆ ಒಗ್ಗುವುದಿಲ್ಲ. ಕೀಳರಿಮೆ ಎಂದರೆ ನಮ್ಮದೇ ಸ್ವಭಾವದ ಯಾವುದೋ ರೋಗ ಎಂಬಂತೆ ಕೇಳಿಸುತ್ತದೆ. ಸಾಲ ಎಂದಾಗ ಮಾತ್ರ ಎದುರಿಗೆ ಒಬ್ಬ ಸಾಹುಕಾರ ಇದ್ದಾನೆ ಅನ್ನುವುದು ಕಾಣುತ್ತದೆ.

ಈ ಸಾಹುಕಾರನ ಊರು ಯಾವುದು? ಕಾಶಿಯವರೆಗೆ ಹೋಗುವುದು ಬೇಡ. ನಮ್ಮ ಕಲ್ಯಾಣಕ್ಕೆ ಹೋದರೆ ಸಾಕು.

ಕಲ್ಯಾಣ ಎಂದೊಡನೆ ವೇದಿಕೆಯ ಮೇಲಿನವರು ಶರಣರ ಹೆಸರು ಹೇಳಿ ಕಣ್ಣು ಒರೆಸಿಕೊಳ್ಳುತ್ತಾರೆ. ಅದೇ ಕಲ್ಯಾಣದಲ್ಲಿ, ಶರಣರು ಬರುವುದಕ್ಕಿಂತ ಮುಂಚೆ, ಚಾಲುಕ್ಯ ಆರನೇ ವಿಕ್ರಮಾದಿತ್ಯನ (1076–1126) ಆಶ್ರಯದಲ್ಲಿ ವಿಜ್ಞಾನೇಶ್ವರನೆಂಬ ಪಂಡಿತ 'ಮಿತಾಕ್ಷರ' ಬರೆದ. ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನ ಅದು. 1810ರಲ್ಲಿ ಕೋಲ್‌ಬ್ರೂಕ್ ಎಂಬ ಇಂಗ್ಲಿಷ್ ಅಧಿಕಾರಿ ಅದರಲ್ಲಿ ಆಸ್ತಿ ಹಂಚಿಕೆಯ ಭಾಗವನ್ನು ಇಂಗ್ಲಿಷಿಗೆ ತಂದ. ಬಂಗಾಳದ ಕಡೆ ಬಿಟ್ಟು ದೇಶದ ಬಹುಪಾಲು ಹಿಂದೂ ಮನೆತನಗಳ ಆಸ್ತಿ ಜಗಳಗಳನ್ನು ಕೋರ್ಟುಗಳು ಈ ಪುಸ್ತಕ ಹಿಡಿದೇ ತೀರಿಸಿದವು. ವಚನಗಳು ಕಲ್ಯಾಣದಿಂದ ಹೊರಟು ತಾಳೆಗರಿಯಲ್ಲಿ ಅಡಗಿ ಕೂತವು. ಮಿತಾಕ್ಷರ ಕೋರ್ಟು ಹತ್ತಿತು.

ಅದರಲ್ಲಿ ಸಾಲದ ಪ್ರಕರಣ ಒಂದಿದೆ. ಒತ್ತೆ ಇಲ್ಲದೆ ಕೊಟ್ಟ ಸಾಲಕ್ಕೆ ತಿಂಗಳ ಬಡ್ಡಿ ಎಷ್ಟು? ಬ್ರಾಹ್ಮಣನಿಗೆ ನೂರಕ್ಕೆ 2, ಕ್ಷತ್ರಿಯನಿಗೆ 3, ವೈಶ್ಯನಿಗೆ 4, ಶೂದ್ರನಿಗೆ 5. ಹುಟ್ಟು ಕೆಳಗಾದಷ್ಟೂ ಬಡ್ಡಿ ಏರುತ್ತದೆ. ಐದರ ಆಚೆ ಪಂಚಮನಿಗೆ ಆ ಲೆಕ್ಕದಲ್ಲಿ ಕಲಮೇ ಇಲ್ಲ! ಅವನಿಗೆ ಬಡ್ಡಿ ಎಷ್ಟು ಎಂಬುದನ್ನು ಬರೆಯುವ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ. ಅಪ್ಪ ಮಾಡಿದ ಸಾಲವನ್ನು ಮಗ ತೀರಿಸುವುದು ಧರ್ಮ ಎಂದೂ ಅಲ್ಲೇ ಇದೆ.

ಆದರೂ ಆ ಪುಸ್ತಕಕ್ಕೊಂದು ಗಡಿ ಇತ್ತು. ಕುಡಿತಕ್ಕೆ, ಜೂಜಿಗೆ ಅಪ್ಪ ಮಾಡಿದ ಸಾಲವನ್ನು ಮಗ ತೀರಿಸಬೇಕಿಲ್ಲ. ಮೊಮ್ಮಗ ಬಡ್ಡಿ ಕೊಡಬೇಕಿಲ್ಲ, ಅಸಲು ಸಾಕು. ಆಸ್ತಿ ಕೈಗೆ ಬಾರದ ಮರಿಮಗ ಏನೂ ಕೊಡಬೇಕಿಲ್ಲ. ಮಗನ ತಲೆಯ ಮೇಲಿದ್ದ ಆ 'ಧಾರ್ಮಿಕ ಹೊಣೆ'ಯನ್ನೂ, ಅಲ್ಲಿಂದ ಮುಂದಿನ ಸಾಲಗಳ ಮಟ್ಟಿಗೆ, 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಕಾಯ್ದೆ ತೆಗೆದುಹಾಕಿತು.

ಈಗ ನಮ್ಮ ತಲೆಯೊಳಗಿನ ಸಾಹುಕಾರನನ್ನು ನೋಡಿ. ವಿಜ್ಞಾನೇಶ್ವರನಿಗಿಂತ ಕಟುಕ. ಹೋದ ಜನ್ಮದ ಸಾಲ ಈ ಜನ್ಮದಲ್ಲಿ ಕಟ್ಟು ಅನ್ನುತ್ತಾನೆ. ಅದಕ್ಕೆ ಕರ್ಮ ಎಂದು ಹೆಸರಿಟ್ಟಿದ್ದಾನೆ. ಹೋದ ಜನ್ಮದಲ್ಲಿ ಸಾಲ ತೆಗೆದವನು ಯಾರು? ಅವನ ಅಪ್ಪನ ಹೆಸರೇನು? ಯಾವ ಊರು? ಸಾಕ್ಷಿ ಹಾಕಿದವರು ಯಾರು? ಒಂದಕ್ಕೂ ಉತ್ತರ ಇಲ್ಲ. ಕಣ್ಣಿಗೆ ಕಾಣುವ ಮರಿಮಗನಿಗೆ ಸ್ಮೃತಿಕಾರನೇ ಬಿಟ್ಟುಕೊಟ್ಟ ಸಾಲವನ್ನು, ಸತ್ತು ಹುಟ್ಟಿದವನೆಂದು ಹೇಳಿ ನಮ್ಮಿಂದ ವಸೂಲಿ ಮಾಡುತ್ತಾರೆ. ಇಂಥ ಲೇವಾದೇವಿ ಜಗತ್ತಿನಲ್ಲಿ ಎಲ್ಲಾದರೂ ಉಂಟೇ?

ಇನ್ನು ಒಂದು ಕಥೆಯ ಮಾತು. ಇದನ್ನು ಮುಟ್ಟಿದರೆ ನಮ್ಮವರೇ ಸಿಟ್ಟಾಗುತ್ತಾರೆ. ಆಗಲಿ.

ಬಸವಕಲ್ಯಾಣದಲ್ಲಿ ಹರಳಯ್ಯನ ಗವಿ ಇದೆ. ಕಥೆ ಎಲ್ಲರಿಗೂ ಗೊತ್ತು. ಹಾದಿಯಲ್ಲಿ ಸಮಗಾರ ಹರಳಯ್ಯ ಬಸವಣ್ಣನಿಗೆ ಶರಣು ಎಂದ. ಬಸವಣ್ಣ ಶರಣು ಶರಣಾರ್ಥಿ ಎಂದು ಮರಳಿಸಿದ. ತನಗೆ ಒಂದು ಶರಣು ಹೆಚ್ಚಾಗಿ ಬಂತು, ಈ ಭಾರ ಹೇಗೆ ಇಳಿಸಲಿ ಎಂದು ಹರಳಯ್ಯ ಮನೆಗೆ ಬಂದು ಮರುಗಿದ. ಅವನೂ ಹೆಂಡತಿ ಕಲ್ಯಾಣಮ್ಮನೂ ತಮ್ಮ ತೊಡೆಯ ಚರ್ಮ ತೆಗೆದು, ಹದ ಮಾಡಿ, ಚಮ್ಮಾವುಗೆ ಹೊಲಿದರು. ಬಸವಣ್ಣ ಅವನ್ನು ಮೆಟ್ಟಲಿಲ್ಲ, ತಲೆಯ ಮೇಲೆ ಹೊತ್ತ.

ಬಸವಣ್ಣನ ಮೇಲೆ ನಮ್ಮ ತಕರಾರಿಲ್ಲ. ಹರಳಯ್ಯನ ಮೇಲೆ ಮೊದಲೇ ಇಲ್ಲ. ಎಂಟುನೂರು ವರ್ಷಗಳಿಂದ ಈ ಕಥೆಯನ್ನು ಹೀಗೇ ಹೇಳುತ್ತ ಬಂದವರ ಮೇಲೆ ನಮ್ಮ ತಕರಾರು. ನಮಸ್ಕಾರಕ್ಕೆ ನಮಸ್ಕಾರ ಸಮಾನರ ರೀತಿ. ಅದು ಸಾಲ ಹೇಗಾಯಿತು? ಮೇಲಿನವನು ಒಂದು ಮಾತು ಮರ್ಯಾದೆ ಕೊಟ್ಟರೆ ಕೆಳಗಿನವನು ತೊಡೆಯ ಚರ್ಮ ಕೊಡಬೇಕು ಎಂಬ ಲೆಕ್ಕ ಯಾವ ಅಂಗಡಿಯದು? ಭಜನೆಯಲ್ಲಿ, ನಾಟಕದಲ್ಲಿ, ಶಾಲೆಯ ವಾರ್ಷಿಕೋತ್ಸವದಲ್ಲಿ ಈ ದೃಶ್ಯಕ್ಕೇ ಚಪ್ಪಾಳೆ. ನಮ್ಮ ಮಕ್ಕಳೂ ಚಪ್ಪಾಳೆ ತಟ್ಟಿ ಮನೆಗೆ ಬರುತ್ತವೆ. ಮರುದಿನ ಮಾಸ್ತರು ಹೆಸರು ಹಿಡಿದು ಪ್ರೀತಿಯಿಂದ ಕರೆದರೆ ಆ ಹುಡುಗನಿಗೆ ಖುಷಿಗಿಂತ ಮೊದಲು ಅಂಜಿಕೆ ಬರುತ್ತದೆ: ಇದಕ್ಕ ನಾ ಏನ್ ಕೊಡಬೇಕು?

ಅದೇ ಹರಳಯ್ಯ ಇನ್ನೊಂದು ಕೆಲಸ ಮಾಡಿದ. ಮಗ ಶೀಲವಂತನಿಗೆ ಬ್ರಾಹ್ಮಣ ಮೂಲದ ಮಧುವರಸನ ಮಗಳನ್ನು ತಂದ. ಅಲ್ಲಿ ಅವನು ಯಾರ ಸಾಲಗಾರನೂ ಅಲ್ಲ, ಬೀಗ. ಅದಕ್ಕಾಗಿಯೇ ಬಿಜ್ಜಳನ ಆಳ್ವಿಕೆಯಲ್ಲಿ ಇಬ್ಬರಿಗೂ ಎಳೆಹೂಟೆಯ ಶಿಕ್ಷೆಯಾಯಿತು ಎಂದು ಶರಣ ಪರಂಪರೆ ಹೇಳುತ್ತದೆ. ಚರ್ಮ ಕೊಟ್ಟ ಹರಳಯ್ಯನಿಗೆ ಆರತಿ ಎತ್ತುವ ಸಮಾಜ ಬೀಗನಾದ ಹರಳಯ್ಯನನ್ನು ಎಷ್ಟು ನೆನೆಯುತ್ತದೆ? ಅಂಥ ಮದುವೆ ಇವತ್ತು ಆದರೆ ಹುಡುಗ ಹುಡುಗಿ ರಾತ್ರೋರಾತ್ರಿ ಪುಣೆಯ ಬಸ್ಸು ಹತ್ತಬೇಕು.

ಕಾಳವ್ವೆಯನ್ನಂತೂ ಪೂರಾ ಮರೆಸಿದ್ದಾರೆ. ಉರಿಲಿಂಗಪೆದ್ದಿಯ ಹೆಂಡತಿ. ತಾನು ಕೀಳು ಎಂಬ ಮಾತು ಎದುರಾದಾಗ ಆ ತಾಯಿ ಕಣ್ಣು ಮುಚ್ಚಿ ಉಸಿರು ಎಣಿಸುತ್ತ ಕೂಡಲಿಲ್ಲ, ತೊಡೆಯನ್ನೂ ಕೊಯ್ದುಕೊಳ್ಳಲಿಲ್ಲ. ಲೆಕ್ಕ ಕೇಳಿದಳು. ಕುರಿ, ಕೋಳಿ, ಮೀನು ತಿಂದವನು ಕುಲಸ್ಥ ಆಗುವುದು ಹೇಗೆ, ಇನ್ನೊಂದು ಪ್ರಾಣಿಯನ್ನು ತಿಂದವನು ಕುಲಗೇಡಿ ಆಗುವುದು ಹೇಗೆ ಎಂದು ಅಡುಗೆಮನೆಯ ಲೆಕ್ಕವನ್ನೇ ಮುಂದಿಟ್ಟು ಕೇಳಿದಳು. ಯೋಚನೆಯಿಂದ ದೂರ ನಿಲ್ಲುವುದು ಎಂದರೆ ನಮ್ಮ ಮಟ್ಟಿಗೆ ಇದು.

ಹಳೆಯ ಕಥೆ ಬಿಟ್ಟು ಕಾಗದಕ್ಕೆ ಬರೋಣ. ನಿಜಾಮನ ಕಾಲದಲ್ಲಿ ಕಲ್ಯಾಣ ನವಾಬರ ಜಾಗೀರು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು. 1949ರಲ್ಲಿ ಜಾಗೀರುಗಳು ರದ್ದಾದವು. ನವಾಬ ಹೋದ, ಬೇಗಾರಿ ಉಳಿಯಿತು, ಭಗೇಲಾ ಉಳಿಯಿತು. ಮಗಳ ಮದುವೆಗೆಂದೋ ಹೆಣ ಎತ್ತಲೆಂದೋ ತೆಗೆದ ಒಂದಿಷ್ಟು ಕಾಸಿಗೆ ಅಪ್ಪ ಧಣಿಯ ದನದ ಕೊಟ್ಟಿಗೆಯಲ್ಲಿ ಮಲಗಿದ, ಅವನು ಸತ್ತ ಮೇಲೆ ಅದೇ ಜಾಗದಲ್ಲಿ ಮಗ ಮಲಗಿದ. 1976ರಲ್ಲಿ ಜೀತಪದ್ಧತಿ ರದ್ದಿಯಾತಿ ಕಾಯ್ದೆ ಬಂತು, 1975ರ ಅಕ್ಟೋಬರ್ 25ರಿಂದಲೇ ಜಾರಿ ಎಂದು ಸಾರಿತು. ದೇಶದಲ್ಲಿ ಜೀತಕ್ಕೆ ಯಾವ ಯಾವ ಹೆಸರಿವೆ ಎಂದು ಆ ಕಾಯ್ದೆಯಲ್ಲಿ ಒಂದು ಪಟ್ಟಿ ಇದೆ. ಜೀತ ಅಲ್ಲಿದೆ, ಭಗೇಲಾ ಅಲ್ಲಿದೆ, ವೆಟ್ಟಿ ಅಲ್ಲಿದೆ. 'ಹೊಲ್ಯ' ಎಂಬುದೂ ಅಲ್ಲಿದೆ. ಜೀತದ ಪಟ್ಟಿಯಲ್ಲಿ ಆ ಹೆಸರು ಯಾಕೆ ಬಂತು ಎಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

ಆ ಕಾಯ್ದೆಯ ಮೂರು ಕಲಮುಗಳು ನಮಗೆ ಬಾಯಿಪಾಠ ಆಗಬೇಕು. ಆರನೆಯದು: ಜೀತದ ಸಾಲ ತೀರಿಸುವ ಹೊಣೆ ಅಳಿಯಿತು. ಒಂಬತ್ತನೆಯದು: ಅಳಿದ ಸಾಲಕ್ಕೆ ಧಣಿ ಹಣ ತೆಗೆದುಕೊಂಡರೆ ಮೂರು ವರ್ಷದವರೆಗೆ ಜೈಲು, ಮೇಲೆ ದಂಡ. ಹದಿನೈದನೆಯದು ಎಲ್ಲಕ್ಕಿಂತ ದೊಡ್ಡದು: ಇದು ಜೀತದ ಸಾಲ ಎಂದು ಜೀತದಾಳು ಹೇಳಿದರೆ ಸಾಕು, ಅಲ್ಲ ಎಂದು ರುಜುವಾತು ಮಾಡುವ ಹೊಣೆ ಸಾಲ ಕೊಟ್ಟವನ ಮೇಲೆ. ಸಾವಿರಾರು ವರ್ಷ ನಾವೇ ಕಟಕಟೆಯಲ್ಲಿ ನಿಂತು ನಮ್ಮ ಯೋಗ್ಯತೆಗೆ ಸಾಕ್ಷಿ ಕೊಡುತ್ತ ಬಂದೆವು. ಈ ಕಲಮು ಆ ಕಟಕಟೆಗೆ ಧಣಿಯನ್ನು ಹತ್ತಿಸಿತು.

ಕಾಯ್ದೆ ಬಂದ ಮೇಲೂ ಜನ ಹೋಗಿ ದುಡಿದರು. ಹೊಟ್ಟೆ ಒಂದು ಕಾರಣ. ಬಡಿಗೆ ಇನ್ನೊಂದು ಕಾರಣ. ಮೂರನೆಯದು ಒಂದು ಮಾತು: "ಅವರ ಉಪ್ಪು ತಿಂದೀವಿ, ಋಣ ತೀರಬೇಕಲ್ಲ." ಕಾಯ್ದೆ ಹರಿದುಹಾಕಿದ ಪತ್ರವನ್ನು ನಾವೇ ಆರಿಸಿ ತಂದು ತಲೆಯೊಳಗೆ ಅಂಟಿಸಿಕೊಂಡೆವು. ನಲವತ್ತು ವರ್ಷ ಒಬ್ಬರ ಹೊಲ ಉತ್ತವನು ತಿಂದ ಉಪ್ಪೆಷ್ಟು, ಬೆವರಿನಲ್ಲಿ ಆ ಹೊಲಕ್ಕೆ ಬಿದ್ದ ಅವನ ಉಪ್ಪೆಷ್ಟು? ತೂಗಿದವರು ಯಾರು?

ಇದು ಮುಗಿದ ಕಥೆ ಅಲ್ಲ. ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗುವ ಗಂಡ ಹೆಂಡತಿ ಮುಕಾದಮನಿಂದ ಉಚಲ್ ಹಿಡಿಯುತ್ತಾರೆ. ಹಂಗಾಮು ಮುಗಿದರೂ ಲೆಕ್ಕ ಮುಗಿಯುವುದಿಲ್ಲ, ಮುಂದಿನ ವರ್ಷಕ್ಕೆ ಬಾಕಿ. ವಾರದ ಕಂತಿನವರು ಬಾಗಿಲಿಗೆ ಬಂದು ಕೂಡುತ್ತಾರೆ. 2025ರಲ್ಲಿ ಕರ್ನಾಟಕ ಸರ್ಕಾರ ಕಿರುಸಾಲದ ಬಲವಂತದ ವಸೂಲಿ ತಡೆಯಲು ಕಾಯ್ದೆ ತಂದಿತು. ನೋಂದಣಿ, ಲೈಸೆನ್ಸು ಇಲ್ಲದವರು ಅದಕ್ಕೂ ಮುಂಚೆ ದುರ್ಬಲ ವರ್ಗದವರಿಗೆ ಕೊಟ್ಟ ಸಾಲ, ಬಡ್ಡಿ ಸಮೇತ, ತೀರಿದಂತೆಯೇ ಎಂದು ಹೇಳಿತು. ಆದರೂ ನಮ್ಮ ಅಕ್ಕತಂಗಿಯರು ಮಾಂಗಲ್ಯ ಒತ್ತೆ ಇಟ್ಟು ಕಟ್ಟುತ್ತಿದ್ದಾರೆ. ಕೇಳಿದರೆ "ಮಾನಾ ಹೋಗ್ತದ್ರಿ" ಎನ್ನುತ್ತಾರೆ. ಲೈಸೆನ್ಸಿಲ್ಲದೆ ಬಡ್ಡಿ ತಿಂದವನ ಮಾನ ಎಲ್ಲಿ ಹೋಯಿತು ಎಂದು ಯಾರೂ ಕೇಳುವುದಿಲ್ಲ.

ಹಾಗಾದರೆ ಮಾಡುವುದೇನು? ಹದಿನೈದನೆಯ ಕಲಮನ್ನು ತಲೆಯೊಳಗೂ ಜಾರಿ ಮಾಡಬೇಕು.

ಮನೋವೈದ್ಯರಿಂದಲೂ ಇಲ್ಲಿ ಕಲಿಯುವುದಿದೆ. 1960ರ ದಶಕದಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಆರನ್ ಬೆಕ್ ಎಂಬ ವೈದ್ಯ, ಖಿನ್ನರಾದ ರೋಗಿಗಳ ತಲೆಯಲ್ಲಿ ಕರೆಯದೆ ಬಂದು ಕೂಡುವ ಮಾತುಗಳನ್ನು ಗಮನಿಸಿದ. ನಾನು ಕೆಲಸಕ್ಕೆ ಬಾರದವನು, ನನ್ನಿಂದ ಏನೂ ಆಗದು, ಇಂಥವು. ರೋಗಿ ಅವನ್ನು ಸತ್ಯ ಎಂದೇ ನಂಬಿರುತ್ತಾನೆ. ಬೆಕ್ ಹೇಳಿದ್ದು ಇಷ್ಟು: ಅದು ಬರೀ ಒಂದು ಯೋಚನೆ, ಸತ್ಯವೋ ಅಲ್ಲವೋ ಸಾಕ್ಷಿ ತೆಗೆದು ನೋಡು. ಅವನ ನಂತರ ಬಂದವರು ಇನ್ನೊಂದು ದಾರಿ ಸೇರಿಸಿದರು. "ನಾ ಕೀಳು" ಎಂಬುದು ತೀರ್ಪು. "ನಾ ಕೀಳು ಅಂತ ನನಗ ಅನಸ್ಲಾಕತ್ತದ" ಎಂಬುದು ಬರೀ ಸುದ್ದಿ. ತೀರ್ಪಿಗೆ ತಲೆ ಬಾಗಬೇಕಾಗುತ್ತದೆ, ಸುದ್ದಿಯನ್ನು ವಿಚಾರಿಸಬಹುದು. ಒಪ್ಪಿದೆವು. ಅಮೆರಿಕದಿಂದ ಬಂತೆಂದು ಬಿಸಾಕುವಷ್ಟು ಮೂರ್ಖರಲ್ಲ ನಾವು.

ಆದರೆ ಈ ಕೆಲಸಕ್ಕೆ ಇಂಗ್ಲಿಷಿಗಿಂತ ಗಟ್ಟಿ ಹತಾರ ನಮ್ಮ ಬಾಯಲ್ಲೇ ಇದೆ. "ಅಂತ." ಪುಸ್ತಕದ ಕನ್ನಡದಲ್ಲಿ "ಅಂತೆ". ಕಣ್ಣಾರೆ ಕಾಣದ, ಇನ್ನೊಬ್ಬರು ಹೇಳಿದ ಮಾತಿಗೆಲ್ಲ ನಮ್ಮವರು ಇದನ್ನು ಹಚ್ಚಿಬಿಡುತ್ತಾರೆ. ಮಳಿ ಬರ್ತದಂತ. ಗೌಡರ ಮಗ ಫೇಲಾದನಂತ. ಇದೇ ಬಾಲವನ್ನು ನಮ್ಮ ಬಗ್ಗೆ ನಮಗೆ ಬರುವ ಯೋಚನೆಗೂ ಹಚ್ಚಿ ನೋಡಿ. ನಾ ಕೀಳಂತ. ನಾ ಕುರ್ಚಿ ಮ್ಯಾಲ ಕೂಡಬಾರದಂತ. ಹೇಳಿ ಮುಗಿಸುವುದರೊಳಗೆ ಪಕ್ಕದವನು ಕೇಳುತ್ತಾನೆ: ಯಾರಂದ್ರು? ಅಲ್ಲಿಗೆ ಅರ್ಧ ಕೆಲಸ ಆಯಿತು. ಅಷ್ಟೊತ್ತು ನಮ್ಮ ಒಳಗಿನ ಸತ್ಯವಾಗಿದ್ದದ್ದು ಈಗ ಯಾರೋ ಆಡಿದ ಮಾತಾಯಿತು.

ಹುಮನಾಬಾದಿನ ಕೇರಿಯಲ್ಲಿ ಭಾನುವಾರ ಸಂಜೆ ನಾವು ಕೂಡುತ್ತೇವೆ, ಇದನ್ನೇ ಮಾಡುತ್ತೇವೆ. ಒಬ್ಬರು ತಮ್ಮ ಯೋಚನೆಗೆ "ಅಂತ" ಹಚ್ಚಿ ಹೇಳಬೇಕು. ಉಳಿದವರು ಪತ್ರ ಕೇಳಬೇಕು. ಯಾರಂದ್ರು, ಯಾವಾಗ ಅಂದ್ರು, ಅಂದಿದ್ದರಿಂದ ಯಾರಿಗೆ ಲಾಭ ಆಯ್ತು. ಪಿಯುಸಿ ಓದುವ ಹುಡುಗಿ ಅಂದಳು: "ನನ್ನ ಕೈಯಾಗ ಇಂಗ್ಲಿಷ್ ಆಗಂಗಿಲ್ಲಂತ." ಯಾರಂದ್ರು? ಎಂಟನೇ ಕ್ಲಾಸಿನ್ಯಾಗ ಮಾಸ್ತರ ಅಂದ್ರು. ಯಾವಾಗ? ಪೇಪರ್ ಕೊಡೋ ಮುಂದ. ಎಷ್ಟು ಬಿದ್ದಿದ್ವು? ನೂರಕ್ಕ ಅರವತ್ತೊಂದು. ಕೂತವರೆಲ್ಲ ನಕ್ಕರು, ಅವಳೂ ನಕ್ಕಳು. ನಾಲ್ಕು ವರ್ಷ ಆ ಹುಡುಗಿ ಅರವತ್ತೊಂದನ್ನು ಮರೆತು ಮಾಸ್ತರ ಮಾತನ್ನು ಹೊತ್ತಿದ್ದಳು. ಕೂಲಿಗೆ ಹೋಗುವ ನಡುವಯಸ್ಸಿನ ಒಬ್ಬ ಅವ್ವ ಎದ್ದು ಅಂದಳು: "ನಾ ಮುಟ್ಟಿದ್ರ ಅವರ ನೀರು ಮೈಲಿಗಿ ಆಗ್ತಾವಂತ." ನಾವು ಕೇಳುವ ಮೊದಲೇ ತಾನೇ ಜವಾಬು ಕೊಟ್ಟಳು: "ಅವರ ತೊಗರಿ ರಾಶಿ ನಾನೇ ಮಾಡ್ತೀನಲ್ಲ, ಆ ಬ್ಯಾಳಿ ಹ್ಯಾಂಗ ಉಣ್ತಾರ?"

ಹೀಗೆ ಮಾಡಿದರೆ ಯೋಚನೆ ಸತ್ತುಹೋಗುತ್ತದೆಯೇ? ಇಲ್ಲ. ಸುಳ್ಳು ಹೇಳಿ ನಿಮ್ಮನ್ನು ಕರೆಯುವುದಿಲ್ಲ. ಸಾಹುಕಾರ ನಾಳೆ ಮತ್ತೆ ಬರುತ್ತಾನೆ. ನೌಕರಿ ಸಿಕ್ಕ ದಿನ ಬರುತ್ತಾನೆ, ಮದುವೆಯ ಊಟದಲ್ಲಿ ಪಂಕ್ತಿಗೆ ಕೂಡುವಾಗ ಬರುತ್ತಾನೆ. ಅವನನ್ನು ಹೊಡೆದು ಓಡಿಸುವುದರಲ್ಲೇ ದಿನ ಕಳೆದರೆ ಅದೂ ಅವನಿಗೆ ಮಾಡಿದ ಬೇಗಾರಿಯೇ. ಬರಲಿ, ಪಡಸಾಲೆಯಲ್ಲಿ ಕೂಡಲಿ. ನಾವು ಎದ್ದು ನಿಲ್ಲುವುದಿಲ್ಲ, ಅಷ್ಟೇ. ನಮ್ಮ ಕೈಯಲ್ಲಿದ್ದ ಕೆಲಸ ಮುಂದುವರಿಸುತ್ತೇವೆ.

ಬಾಬಾಸಾಹೇಬರು ಈ ದಾರಿಯನ್ನು ಎಂದೋ ತುಳಿದಿದ್ದರು. ಜಾತಿ ನಿಂತಿರುವುದು ಮನಸ್ಸಿನಲ್ಲಿ ಎಂದು 1936ರಲ್ಲಿಯೇ ಬರೆದರು. ಅದಕ್ಕೂ ಮುಂಚೆ, 1927ರ ಡಿಸೆಂಬರಿನಲ್ಲಿ ಮಹಾಡದಲ್ಲಿ ಹೆಣ್ಣುಮಕ್ಕಳಿಗೆ ಹೇಳಿದ್ದು ತತ್ವ ಅಲ್ಲ, ಸೀರೆಯ ಮಾತು: ಜಾತಿ ಸಾರುವ ಉಡುಗೆ ಬಿಡಿ, ಆ ದಪ್ಪ ಕಡಗ ಬಿಡಿ. ಮೈಮೇಲಿನ ಗುರುತು ಇಳಿದರೆ ಒಳಗಿನ ಮಾತಿನ ಸದ್ದು ಇಳಿಯುತ್ತದೆ ಎಂದು ಅವರಿಗೆ ಗೊತ್ತಿತ್ತು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರ ಬಾಯಿಂದ 22 ಪ್ರತಿಜ್ಞೆ ಹೇಳಿಸಿದರು. ಅವುಗಳಲ್ಲಿ ಬಹಳಷ್ಟು 'ನಂಬುವುದಿಲ್ಲ', 'ಮಾಡುವುದಿಲ್ಲ' ಎಂಬವೇ. ಶ್ರಾದ್ಧ ಮಾಡುವುದಿಲ್ಲ, ಪಿಂಡ ಇಡುವುದಿಲ್ಲ ಎಂಬುದೂ ಅದರಲ್ಲಿದೆ. ಪಿತೃಋಣ, ದೇವಋಣ, ಋಷಿಋಣ ಎಂದು ಹುಟ್ಟುವ ಮೊದಲೇ ಸಾಲ ಬರೆಯುವ ಧರ್ಮಕ್ಕೆ, ಆ ಸಾಲ ನಮ್ಮದಲ್ಲ ಎಂದು ಜೋರಾಗಿ ಕೂಗಿ ಹೇಳಿದ್ದು ಅದು. ಒಬ್ಬೊಬ್ಬರೇ ಕೋಣೆಯಲ್ಲಿ ಕೂತು ಮನಸ್ಸಿನಲ್ಲಿ ಅಂದುಕೊಂಡಿದ್ದರೆ ಸಾಹುಕಾರನಿಗೆ ಕೇಳಿಸುತ್ತಲೂ ಇರಲಿಲ್ಲ.

ಇಲ್ಲಿ ಎಚ್ಚರಿಕೆಯ ಮಾತೊಂದಿದೆ. ದೂರ ನಿಲ್ಲಬೇಕಾದದ್ದು ಯೋಚನೆಯಿಂದ, ಹಸಿವಿನಿಂದಲ್ಲ. ಕೂಲಿ ಕೊಡದಿದ್ದರೆ ಬರುವ ಸಿಟ್ಟನ್ನು, ಬಾವಿಗೆ ಬಿಡದಿದ್ದರೆ ಬರುವ ಸಂಕಟವನ್ನು 'ಅದು ಬರೀ ಯೋಚನೆ, ಹೋಗಲಿ ಬಿಡು' ಎನ್ನುವವನು ವೈದ್ಯನಲ್ಲ, ಧಣಿಯ ಕಾರಕೂನ. ಸಿಟ್ಟಿಗೂ ಪತ್ರ ಕೇಳಿ ನೋಡಿ: ಯಾರು ಕೂಲಿ ಕೊಟ್ಟಿಲ್ಲ, ಎಷ್ಟು ದಿನದ್ದು, ಸಾಕ್ಷಿ ಯಾರು. ತಕ್ಷಣ ಎಲ್ಲ ತೆಗೆದು ತೋರಿಸುತ್ತದೆ. ನಾಚಿಕೆಗೆ ತೋರಿಸಲಿಕ್ಕೆ ಏನೂ ಇರುವುದಿಲ್ಲ. ಬಿಡುವ ಯೋಚನೆ ಯಾವುದು, ಹಿಡಿಯುವ ಯೋಚನೆ ಯಾವುದು ಎಂದು ನಾವು ಗುರುತು ಹಿಡಿಯುವುದು ಹೀಗೆ.

ಫ್ರಾಂಟ್ಜ್ ಫ್ಯಾನನ್ ಎಂಬ ಕರಿಯ ಮನೋವೈದ್ಯ 1953ರಲ್ಲಿ ಅಲ್ಜೀರಿಯಾದ ಬ್ಲಿಡಾ ಆಸ್ಪತ್ರೆಗೆ ಹೋದ. ಆಗ ಆ ದೇಶ ಫ್ರೆಂಚರ ಕೈಯಲ್ಲಿತ್ತು. ಜನರನ್ನು ಅವರ ನೆಲದಲ್ಲೇ ಪರಕೀಯರನ್ನಾಗಿ ಮಾಡುವ ಆಡಳಿತದ ಕೆಳಗೆ ಕೂತು ಅವರ ತಲೆ ಮಾತ್ರ ರಿಪೇರಿ ಮಾಡುವುದು ಆಗದ ಕೆಲಸ ಎಂದು 1956ರಲ್ಲಿ ರಾಜೀನಾಮೆ ಬರೆದು ಹೊರಬಂದ. ನಮ್ಮ ಹೆದ್ದಾರಿ ಹಿಡಿದು ಹೈದರಾಬಾದಿಗೆ ಹೋದರೆ ಅಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. ರೋಹಿತ್ ವೇಮುಲನಿಗೆ ತಿಂಗಳುಗಟ್ಟಲೆ ಫೆಲೋಶಿಪ್ ಹಣ ಕೈಗೆ ಬರಲಿಲ್ಲ. ಹಾಸ್ಟೆಲಿನಿಂದ ಹೊರಹಾಕಿದರು. ಗೆಳೆಯರ ಜೊತೆ ಬಯಲಲ್ಲಿ ಮಲಗಿದ. 2016ರ ಜನವರಿ 17ರಂದು ಜೀವ ಬಿಟ್ಟ. ಅವನಿಗೆ ಬೇಕಾಗಿದ್ದದ್ದು ಮನಸ್ಸು ಹಗುರ ಮಾಡುವ ಉಪದೇಶವೇ? ಹಾಸ್ಟೆಲಿನ ಬಾಗಿಲು ತೆರೆಯಬೇಕಿತ್ತು, ಹಣ ಬರಬೇಕಿತ್ತು.

ಇದನ್ನು ಹೇಳಿ ಇನ್ನೊಂದನ್ನು ಹೇಳದಿದ್ದರೆ ತಪ್ಪಾಗುತ್ತದೆ. ವಾರಗಟ್ಟಲೆ ನಿದ್ದೆ ಬಾರದೆ, ಅನ್ನ ಸೇರದೆ, ಬದುಕು ಸಾಕು ಅನಿಸತೊಡಗಿದರೆ ಅದು ಭಾನುವಾರದ ಸಭೆಯಲ್ಲಿ ಬಗೆಹರಿಯುವ ಮಾತಲ್ಲ. ಡಾಕ್ಟರ ಹತ್ತಿರ ಹೋಗಬೇಕು, ಗುಳಿಗೆ ಕೊಟ್ಟರೆ ತಿನ್ನಬೇಕು. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ಕಾಸು ಕೇಳುವುದಿಲ್ಲ. ದೇವರ ಮುಂದೆ ಕೋಳಿ ಕೊಯ್ಯುವ ರೊಕ್ಕ ಉಳಿಯುತ್ತದೆ. ಆಸ್ಪತ್ರೆಗೆ ಹೋಗುವುದೂ ನಮ್ಮ ಹಕ್ಕು, ಯಾರದೋ ಉಪಕಾರ ಅಲ್ಲ.

2021ರ ಜನವರಿ 6ರಂದು ಬಸವಕಲ್ಯಾಣದಲ್ಲಿ ಹೊಸ ಅನುಭವ ಮಂಟಪಕ್ಕೆ ಅಂದಿನ ಮುಖ್ಯಮಂತ್ರಿ ಯಡಿಯೂರಪ್ಪನವರು ಅಡಿಗಲ್ಲು ಇಟ್ಟರು. 500 ಕೋಟಿಯ ಯೋಜನೆ ಎಂದರು, 770 ಶರಣರ ಹೆಸರಿನಲ್ಲಿ 770 ಕಂಬ ಎಂದರು. ಕಟ್ಟಲಿ. ಕಲ್ಲು ಹೊತ್ತವರಲ್ಲಿ, ಕಾಂಕ್ರೀಟು ಕಲಸಿದವರಲ್ಲಿ ನಮ್ಮವರೂ ಇರುತ್ತಾರೆ. ಆ ಮಂಟಪದಲ್ಲಿ ಹರಳಯ್ಯನನ್ನು ಕೆತ್ತುವಾಗ ತೊಡೆ ಕೊಯ್ದುಕೊಳ್ಳುವ ಹರಳಯ್ಯನನ್ನು ಕೆತ್ತುತ್ತೀರೋ, ಮದುವೆ ಹಂದರದಲ್ಲಿ ಬೀಗನ ಸರಿಸಮ ಕೂತ ಹರಳಯ್ಯನನ್ನು ಕೆತ್ತುತ್ತೀರೋ? ಇದನ್ನು ಕಟ್ಟಡದ ಹೊಣೆ ಹೊತ್ತವರಿಗೆ ನಾವು ಈಗಲೇ ಕೇಳಿಡುತ್ತಿದ್ದೇವೆ. ಮಂಟಪ ನೋಡಲು ಹೋದ ನಮ್ಮ ಮುತ್ಯಾ ಅಲ್ಲಿನ ಕಟ್ಟೆಯ ಮೇಲೆ ತುದಿಗೆ ಕೂಡುತ್ತಾನೋ, ಬೆನ್ನು ಆನಿಸಿ ಕೂಡುತ್ತಾನೋ, ಅದನ್ನೂ ನೋಡುತ್ತೇವೆ.

ಸದ್ಯಕ್ಕೆ ಕೆಲಸ ಇದೆ. ಸಾಲದ ಹೆಸರಿನಲ್ಲಿ ಮನೆಯ ಹುಡುಗನನ್ನು ಯಾರದಾದರೂ ಹೊಲಕ್ಕೆ, ಇಟ್ಟಂಗಿ ಭಟ್ಟಿಗೆ ಆಳಾಗಿ ಇಟ್ಟಿದ್ದರೆ, ಲೈಸೆನ್ಸಿಲ್ಲದವರಿಗೆ ಇನ್ನೂ ಬಡ್ಡಿ ಕಟ್ಟುತ್ತಿದ್ದರೆ, ಬಸವಕಲ್ಯಾಣದವರಿರಲಿ ಹುಮನಾಬಾದಿನವರಿರಲಿ, ಭಾನುವಾರ ಸಂಜೆ ಬನ್ನಿ. ತಹಶೀಲ ಕಚೇರಿಗೂ ಉಪವಿಭಾಗಾಧಿಕಾರಿಗೂ ಅರ್ಜಿ ಬರೆದುಕೊಡುವವರು ಇದ್ದಾರೆ. ಕಾಗದ ಪತ್ರ ಏನೂ ಇಲ್ಲವೆಂದು ಹಿಂದೆ ಸರಿಯಬೇಡಿ. ಜೀತದ ಸಾಲವಾದರೆ ಕಾಗದ ತರಬೇಕಾದವನು ಅವನು.